ಸೋಸುವ ಬಟ್ಟೆಯ ಮೇಲ್ಮಗ್ಗುಲು

“ತಡೀರಿ ಸಾಹೇಬ್ರ, ನೀರು ಹಾಕಬ್ಯಾಡ್ರಿ!” ಎಂದು ಆ ಮನೆಯ ಅಜ್ಜಿ ನನ್ನ ಕೈಯನ್ನೇ ಹಿಡಿದುಬಿಟ್ಟಳು.

ಎಂಬತ್ತರ ದಶಕದ ಮಾತು. ನಾರು ಹುಣ್ಣು ತಡೆಯುವ ಕೆಲಸಕ್ಕೆಂದು ಕಲಬುರಗಿಯಿಂದ ಕಮಲಾಪುರದ ಕಡೆ ಹೋಗಿದ್ದೆ. ಮೆಟ್ಟಿಲ ಬಾವಿಯ ನೀರಿನಲ್ಲಿ ರೋಗ ಹೊತ್ತ ಸಣ್ಣ ಹುಳಗಳಿರುತ್ತಿದ್ದವು; ಅದನ್ನು ಸೋಸದೆ ಕುಡಿದವರ ಕಾಲಿನಲ್ಲಿ ವರ್ಷದೊಳಗೆ ದಾರದಂಥ ಹುಳ ಏಳುತ್ತಿತ್ತು. ಅಜ್ಜಿಯ ಮಗ ಅದರಿಂದಲೇ ಹಿಂದಿನ ವರ್ಷ ಬಿತ್ತನೆ ಹೊತ್ತಿನಲ್ಲಿ ಎರಡು ತಿಂಗಳು ಮಲಗಿದ್ದ. ಸೋಸುವುದನ್ನು ತೋರಿಸಲೆಂದು ನಾನು ಅವರ ಮನೆಯ ಬಟ್ಟೆಯನ್ನೇ ತೆಗೆದು ಕೊಡದ ಬಾಯಿಗೆ ಹಾಸಿದ್ದೆ.

“ಬಟ್ಟಿ ಉಲ್ಟಾ ಹಾಕೀರಿ. ಮುಂಜಾನಿ ಸಿಕ್ಕಿದ್ದ ಹುಳ ಎಲ್ಲಾ ಈಗ ಕೊಡದಾಗ ಬೀಳ್ತಾವ. ನನ್ನ ಮಗ ಮತ್ತ ಮಲಗಿದ್ರ ಹೊಲ ನೀವು ಬಿತ್ತತೀರೇನ್ರಿ?”

ಅಂಚಿನಲ್ಲಿ ಆಕೆ ಹಾಕಿದ್ದ ಕೆಂಪು ದಾರದ ಹೊಲಿಗೆ ಆಗ ಕಂಡಿತು. ಅದಿರುವ ಮಗ್ಗುಲು ಯಾವಾಗಲೂ ಮೇಲಿರಬೇಕು. ತರಬೇತಿಯಲ್ಲಿ ನನಗೂ ಇದನ್ನೇ ಹೇಳಿದ್ದರು, ಗುರುತು ಹಾಕುವ ಉಪಾಯ ಮಾತ್ರ ಅಜ್ಜಿಯದು.

“ಬಿ.ಎ. ಆಗೇದ ಅಂದ್ರಿ, ಮ್ಯಾಲ ಯಾವ್ದು ಕೆಳಗ ಯಾವ್ದು ತಿಳೀಲಿಲ್ಲೇನ್ರಿ?”

ಬಾಗಿಲಲ್ಲಿದ್ದ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು; ಆ ಹೆಮ್ಮೆಗೆ ಹೋದ ಮನೆಯಲ್ಲೆಲ್ಲ ಅದನ್ನು ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಯಾವ ಮನೆಗೆ ಹೋದರೂ ಮೊದಲು ಕೆಳಗೆ ಕೂತು, “ನೀವು ಹೆಂಗ ಸೋಸ್ತೀರಿ, ಜರಾ ತೋರಸ್ರಿ” ಎನ್ನುತ್ತಿದ್ದೆ. ಹಾಗೆ ಕೇಳತೊಡಗಿದ ಮೇಲೆಯೇ ಹೆಂಗಸರು ನನ್ನ ಮಾತನ್ನೂ ಕೇಳತೊಡಗಿದರು.