ಸಣ್ಣಕ್ಷರದ ಸಿನಿಮಾ

ನಮ್ಮ ಮನೆಯ ಗೋಡೆಯ ಮೇಲೆ ಅತ್ತೆಯವರ ಫೋಟೋ ಇರಲಿಲ್ಲ. ಹಲಸೂರಿನ ಆ ಬೀದಿಯಲ್ಲಿ ತೀರಿಕೊಂಡವರ ಫೋಟೋಗೆ ಹಾರ ಹಾಕದ ಮನೆಯೇ ಇರಲಿಲ್ಲ. ನಮ್ಮಲ್ಲಿ ಮಾತ್ರ ಪಿತೃಪಕ್ಷದ ಎಡೆಯನ್ನು ಮಡಿಸಿಟ್ಟ ಒಂದು ಹಸಿರು ಸೀರೆಯ ಮುಂದೆ ಇಡುತ್ತಿದ್ದರು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಈ ಮನೆಯ ಹೆಂಗಸರು ನಂಬಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ಹೋಗಿ ಇಪ್ಪತ್ತಾರು ವರ್ಷ. ನನ್ನ ಗಂಡನಿಗೂ ತಾಯಿಯ ಮುಖ ನೆನಪಿಲ್ಲ. ತಾಯಿ ಹೋದಾಗ ಅವರು ಒಂದು ವರ್ಷದ ಮಗು.

ಮಾವನವರಿಗೆ ಸಿನಿಮಾ ಹುಚ್ಚು ಎಂದುಕೊಂಡಿದ್ದೆ. ತೊಂಬತ್ತರ ದಶಕದ ಕೊನೆ. ಮನೆಗೆ ಬರುತ್ತಿದ್ದುದು ಮಾವನಿಗೆ ಓದಲು ಬಾರದ ಇಂಗ್ಲಿಷ್ ಪೇಪರು. ಭಾನುವಾರದ ಪುರವಣಿಯಲ್ಲಿ ಈ ವಾರ ಟೀವಿಯಲ್ಲಿ ನೋಡಲೇಬೇಕಾದ ಚಿತ್ರಗಳು ಎಂದು ಒಂದು ಚೌಕ. ಒಂದೊಂದಕ್ಕೂ ನಕ್ಷತ್ರ, ಎರಡು ಸಾಲಿನ ಹೊಗಳಿಕೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಉಳಿದೆಲ್ಲ ಸಿನಿಮಾಗಳ ಪಟ್ಟಿ.

ಕಾಫಿ ಲೋಟ ಕೆಳಗಿಟ್ಟು ಮಾವ ಕೇಳುತ್ತಿದ್ದರು: “ಅದೇನ್ ಹಾಕ್ತಾರಂತೆ ಈ ವಾರ, ಓದಮ್ಮ.”

ಚೌಕದಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕಾನ್ವೆಂಟಿನ ಅಭ್ಯಾಸ, ಸ್ಕೇಲಿಟ್ಟು ಕೆಂಪು ಪೆನ್ಸಿಲಿನಲ್ಲಿ ಗೆರೆಯನ್ನೂ ಎಳೆಯುತ್ತಿದ್ದೆ. ಅವರು ತಲೆ ಬಗ್ಗಿಸಿ, ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳುವರು.

“ಅಷ್ಟೇನಾ?”

“ಅಷ್ಟೇ ಮಾವ. ಮಿಕ್ಕಿದ್ದೆಲ್ಲ ಸುಮಾರು.”

ಪ್ರತಿ ವಾರವೂ ಇದೇ ಮಾತು. ಮಿಕ್ಕಿದ್ದನ್ನು ನಾನು ಓದಿ ನೋಡುತ್ತಲೂ ಇರಲಿಲ್ಲ.

ಒಂದು ವರ್ಷ ಯುಗಾದಿಗೆ ಮುಂಚೆ ಅಡುಗೆಮನೆಯ ಶೆಲ್ಫಿಗೆ ಹಾಸಿದ ಪೇಪರ್ ಬದಲಿಸುತ್ತಿದ್ದೆ. ಮರ್ಫಿ ಟೌನಿನಿಂದ ಬಂದಿದ್ದ ಮಾವನ ತಂಗಿ, ನಾನು ಚಿಕ್ಕತ್ತೆ ಎನ್ನುತ್ತಿದ್ದವರು, ಡಬ್ಬ ಒರೆಸಿಕೊಡುತ್ತಿದ್ದರು. ಸಾಸಿವೆ ಡಬ್ಬದಡಿಯ ಹಾಳೆ ಹಿಂದಿನ ದೀಪಾವಳಿಯ ಹೊತ್ತಿನದು. ಎಣ್ಣೆಯ ಉಂಗುರದೊಳಗೆ ಸಣ್ಣಕ್ಷರಗಳು ಎದ್ದು ಕಾಣುತ್ತಿದ್ದವು. ಸುಮ್ಮನೆ ಗಟ್ಟಿಯಾಗಿ ಓದಿದೆ: ಗುರುವಾರ, ಮಧ್ಯಾಹ್ನ ಒಂದೂವರೆ, ನಾನು ಕೇಳಿಯೇ ಇರದ ಒಂದು ಚಿತ್ರದ ಹೆಸರು.

ಚಿಕ್ಕತ್ತೆಯ ಕೈ ನಿಂತಿತು. “ಅದನ್ನ ಹಾಕಿದ್ರಾ? ಅಣ್ಣ ನೋಡಿದ್ನಾ?”

“ಯಾಕೆ ಚಿಕ್ಕತ್ತೆ?”

“ಅದ್ರಲ್ಲಿ ಅತ್ತಿಗೆ ಬರ್ತಾಳೆ ಕಣೆ. ನಿಮ್ಮತ್ತೆ! ಇಲ್ಲೇ ನಮ್ಮ ಬೀದಿ ನಲ್ಲೀಲಿ ಶೂಟಿಂಗ್ ಮಾಡಿದ್ರು, ನೀರು ಹಿಡಿಯೋ ಹೆಂಗಸ್ರು ಬೇಕು ಅಂದ್ರು. ಅವಳು ಒಲ್ಲೆ ಅಂತ ಅಳ್ತಿದ್ಲು, ಇವನೇ ಬಲವಂತ ಮಾಡಿ ನಿಲ್ಲಿಸ್ದ. ಕ್ಯಾಮೆರಾ ಪಕ್ಕದಲ್ಲೇ ನಿಂತ್ಕೊಂಡು, ಬಿಂದಿಗೆ ಹಂಗ್ ಹಿಡ್ಕೊ, ಹಿಂಗ್ ಹಿಡ್ಕೊ ಅಂತ. ದೊಡ್ಡ ಡೈರೆಕ್ಟ್ರು!” ನಕ್ಕರು. ಆಮೇಲೆ ದನಿ ತಗ್ಗಿತು. “ವರ್ಷ ತುಂಬೋಕ್ ಮುಂಚೆ ಜ್ವರ ಬಂದು ಹೋಗ್ಬಿಟ್ಲು. ಕ್ಯಾಮೆರಾನೇ ತಗೊಂಡ್ಹೋಯ್ತು ಅಂದ್ರು ಜನ. ಶಿವಾಜಿನಗರದ ಟಾಕೀಸಲ್ಲಿ ಒಂದೇ ವಾರ ಓಡ್ತು. ಏಳು ದಿನಾನೂ ಹೋದ. ಆಮೇಲೆ ಅದರ ಸುದ್ದೀನೇ ಎತ್ತಲಿಲ್ಲ.”

ಆ ಗುರುವಾರವನ್ನು ನೆನಪಿಸಿಕೊಳ್ಳಲು ನೋಡಿದೆ. ಮಧ್ಯಾಹ್ನ ನಾವು ಟೀವಿ ಹಾಕುತ್ತಿರಲಿಲ್ಲ. ನಾನು ಹೆಣೆದ ಬಿಳಿ ಲೇಸು ಬಟ್ಟೆ ಅದರ ಮೇಲಿರುತ್ತಿತ್ತು. ಎದುರಿನ ಬೆತ್ತದ ಕುರ್ಚಿಯಲ್ಲಿ ಮಾವ ತೂಕಡಿಸುತ್ತಿದ್ದಿರಬೇಕು. ಊರಿನ ಎಷ್ಟೋ ಮನೆಗಳಲ್ಲಿ ಅಂದು ಅತ್ತೆ ನೀರು ಹಿಡಿದು ಹೋಗಿದ್ದರು, ತಮ್ಮ ಮನೆಯೊಂದನ್ನು ಬಿಟ್ಟು.

ಮುಂದಿನ ಭಾನುವಾರ ಚೌಕ ಮುಗಿಸಿ ಸಣ್ಣಕ್ಷರಕ್ಕೆ ಇಳಿದೆ. ಒಂದನ್ನೂ ಬಿಡದೆ ಓದಿದೆ. ಮುಗಿದಾಗ ಮಾವ ‘ಅಷ್ಟೇನಾ’ ಎನ್ನಲಿಲ್ಲ. ನನ್ನನ್ನೇ ನೋಡಿದರು.

“ಯಾರಮ್ಮ ನಿಂಗೆ ಹೇಳಿದ್ದು?”

“ಚಿಕ್ಕತ್ತೆ.”

“ಬಾಯಿ ನಿಲ್ಲಲ್ಲ ಅವಳಿಗೆ.” ಪಂಚೆಯ ಅಂಚನ್ನು ಬಿಟ್ಟು ಅಂದರು: “ಒಂದ್ಸಲ ನೋಡ್ಬೇಕಮ್ಮ. ಮುಖ ಜಾರ್ತಾ ಇದೆ.”

ಅದು ಬಂದು ಹೋಯಿತು ಎಂದು ನಾನು ಹೇಳಲಿಲ್ಲ. ಎರಡು ವರ್ಷ, ಪ್ರತಿ ಭಾನುವಾರ, ಓದಿದೆ. ಬರಲಿಲ್ಲ. ಮೊದಲು ಚಿಕ್ಕತ್ತೆ ಹೋದರು, ಅದೇ ಚಳಿಗಾಲದಲ್ಲಿ ಮಾವನೂ. ಓದುವುದು ಮಾತ್ರ ನಿಲ್ಲಲಿಲ್ಲ.

ಮುಂದಿನ ವರ್ಷ ಆ ಚಿತ್ರ ಬಂತು. ಬುಧವಾರ, ಮಧ್ಯಾಹ್ನ ಎರಡು ಗಂಟೆ. ನನ್ನವರು ಅರ್ಧ ದಿನ ರಜೆ ಹಾಕಿದರು. ಗುರುತಿಗಿರಲಿ ಎಂದು ಆ ಹಸಿರು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತೆ. ಚಿತ್ರ ಕಪ್ಪುಬಿಳುಪಿನದು. ನಲ್ಲಿಯ ಮುಂದೆ ಮೂವರು ಹೆಂಗಸರು, ಮೂವರ ಸೀರೆಯೂ ಬೂದಿ ಬಣ್ಣ. ಒಬ್ಬಳು ನಗುತ್ತಿದ್ದಳು. ಒಬ್ಬಳು ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಇನ್ನೊಬ್ಬಳು ಬಿಂದಿಗೆ ಹಿಡಿದು ಕ್ಯಾಮೆರಾದ ಪಕ್ಕಕ್ಕೆ ಎಲ್ಲೋ ನೋಡುತ್ತಿದ್ದಳು, ಅಲ್ಲಿ ನಿಂತವರ ಮೇಲೆ ಸಿಟ್ಟು ಬಂದವಳಂತೆ.

“ಯಾರು ಇವರಲ್ಲಿ?” ಎಂದರು ನನ್ನವರು.

ಎರಡು ವರ್ಷ ಪಟ್ಟಿ ಓದಿದವಳು ಮಾವನನ್ನು ಇದೊಂದನ್ನು ಮಾತ್ರ ಕೇಳಿರಲಿಲ್ಲ.

ದೃಶ್ಯ ಬದಲಾಯಿತು. “ಮುಖ ಮುಚ್ಕೊಂಡಿದ್ರಲ್ಲ, ಅವರೇ ಇರ್ಬೇಕು,” ಎಂದರು ಅವರು. ನಾನು ಆ ಮೂರನೆಯವಳು ನೋಡುತ್ತಿದ್ದ ಕಡೆ ತಿರುಗಿದೆ. ಅಲ್ಲಿ ಮಾವನ ಬೆತ್ತದ ಕುರ್ಚಿ ಇತ್ತು.