ಅಡ್ವಾಂಟೇಜಿಗೆ ಅರ್ಥ ಹೇಳಲು ಹೋಗಿ

ನಾನು ಹಾಸನದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಮ್ಮ ದೊಡ್ಡಪ್ಪ ಇರುವುದು ಕೊಣನೂರಿನ ಹತ್ತಿರದ ಹಳ್ಳಿಯಲ್ಲಿ. ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ.

ಹೋದ ವರ್ಷ ಎದುರು ಮನೆಯವನು ಟ್ರ್ಯಾಕ್ಟರ್ ತಂದ. ತನ್ನ ಬಾಗಿಲಲ್ಲಿ ಚರಂಡಿ ಕೆಲಸ ನಡೆಯುತ್ತಿದೆ, ಒಂದೆರಡು ದಿನ ನಿಮ್ಮ ಮನೆ ಮುಂದೆ ನಿಲ್ಲಿಸ್ಕೋತೀನಿ ಅಂದನಂತೆ. ದೊಡ್ಡಪ್ಪ ಆಗಲಿ ಅಂದರು. ಚರಂಡಿ ಮುಗಿಯಿತು, ಟ್ರ್ಯಾಕ್ಟರ್ ಅಲ್ಲೇ ಉಳಿಯಿತು. ದೊಡ್ಡಮ್ಮ ಚಕ್ರದ ಪಕ್ಕ ಸಿಕ್ಕಷ್ಟು ಜಾಗದಲ್ಲೇ ರಂಗೋಲಿ ಬಿಡತೊಡಗಿದರು. ರಾಗಿ ಒಣಗಿಸಲು ತಾರಸಿ ಹತ್ತಬೇಕಾಯಿತು.

ದೊಡ್ಡಪ್ಪನ ತಾಳ್ಮೆ ಮುಗಿದದ್ದು ಡೈರಿಯ ಮುಂದೆ, ಹಾಲು ಹಾಕುವ ಸಾಲಿನಲ್ಲಿ. “ನನ್ನ ಒಳ್ಳೇತನದ ಅಡ್ವಾಂಟೇಜ್ ತಗತಾ ಅವ್ನೆ” ಎಂದು ಎದುರು ಮನೆಯವನಿಗೆ ಕೇಳುವಂತೆಯೇ ಅಂದುಬಿಟ್ಟರು. ಕನ್ನಡದಲ್ಲಿ ಬೈದಿದ್ದರೆ ಅವನೂ ತಿರುಗಿ ಬೈದು ಮರೆಯುತ್ತಿದ್ದ. ಇಂಗ್ಲಿಷಿನಲ್ಲಿ ಏನೋ ಅಂದರಲ್ಲ ಎಂಬುದೇ ಅವನಿಗೆ ಚುಚ್ಚಿತು. ಊರಲ್ಲಿ ಅರ್ಥ ವಿಚಾರಿಸಿದ. ಒಬ್ಬ ಕಳ್ಳತನ ಅಂದ, ಇನ್ನೊಬ್ಬ ಅದಕ್ಕಿಂತ ಕೆಟ್ಟದ್ದು ಅಂದ.

ಆ ಭಾನುವಾರ ನಾನು ಹೋದಾಗ ಜಗಲಿಯ ಮೇಲೆ ಊರಿನ ಹಿರಿಯರು ಕೂತಿದ್ದರು. ಎದುರು ಮನೆಯವನು ಮುಖ ಊದಿಸಿಕೊಂಡು ಕಂಬಕ್ಕೆ ಒರಗಿದ್ದ. ಬಸ್ಸಿಳಿದು ಬಂದವಳಿಗೆ ನೀರು ಕೊಡುವ ಮೊದಲೇ ಆ ಮಾತಿನ ಅರ್ಥ ಕೇಳಿದರು.

ಅದು ಬೈಗುಳವಲ್ಲ, ಅನುಕೂಲ, ಮೇಲುಗೈ ಎಂದರ್ಥ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಾಲೇಜಿನಲ್ಲಿ ಇಷ್ಟು ಗಮನವಿಟ್ಟು ನನ್ನ ಮಾತು ಯಾರೂ ಕೇಳುವುದಿಲ್ಲ. ಮುಂದುವರಿದೆ. ಇದು ಹಳೆಯ ಫ್ರೆಂಚ್ ನುಡಿಯಿಂದ ಬಂದ ಮಾತು, ಅದರ ಬೇರಿಗೆ ‘ಮುಂದೆ’ ಎಂದರ್ಥ, ಮುಂದಿರುವವನಿಗೆ ಸಿಗುವ ಅನುಕೂಲವೇ ಅಡ್ವಾಂಟೇಜು. ನಡುವಿನ ‘ಡ್’ ಮೂಲದಲ್ಲಿ ಇರಲೇ ಇಲ್ಲ. ಲ್ಯಾಟಿನ್ ಬಲ್ಲವರು ಇರಬೇಕಿತ್ತೆಂದು ತಪ್ಪು ತಿಳಿದು ಸೇರಿಸಿದರು, ಆಮೇಲೆ ಯಾರೂ ತೆಗೆಯಲಿಲ್ಲ ಎಂದು ವಿವರಿಸಿದೆ.

ಎದುರು ಮನೆಯವನ ಮುಖ ಅರಳಿತು. “ಅಂಗಾರೆ ಅಣ್ಣ ನನ್ನನ್ನೇ ಮುಂದಿರೋನು ಅಂತ ಒಗಳವ್ರೆ.”

ದೊಡ್ಡಪ್ಪ ನನ್ನನ್ನು ನೋಡಿದ ನೋಟಕ್ಕೆ ನಾನು ಅದೇ ಬಸ್ಸಿಗೆ ವಾಪಸ್ಸು ಹೋಗಬೇಕಿತ್ತು. ಅಷ್ಟರಲ್ಲಿ ದೊಡ್ಡಮ್ಮ ನೀರಿನ ಚೊಂಬು ಹಿಡಿದು ಹೊರಗೆ ಬಂದರು. ಆ ಅಕ್ಷರ ಬಂದು ಸೇರಿಕೊಂಡು ಎಷ್ಟು ವರ್ಷವಾಯಿತು ಎಂದು ಕೇಳಿದರು. ನಾನ್ನೂರು ವರ್ಷಕ್ಕೂ ಮೇಲಾಯಿತು ಅಂದೆ.

ಅವರು ಚೊಂಬನ್ನು ನನ್ನ ಕೈಗಿಟ್ಟು, ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ನೋಡಿ, ಬಂದಾಗ್ಲೇ ಕಳಿಸ್ದಿದ್ರೆ ಇಂಗೇ ಆಗೋದು.”

ಹಿರಿಯರೆಲ್ಲ ಟ್ರ್ಯಾಕ್ಟರಿನತ್ತ ನೋಡಿದರು. ಯಾರೋ ಕಿಸಕ್ಕೆಂದರು, ಆಮೇಲೆ ಜಗಲಿಗೆ ಜಗಲಿಯೇ ನಕ್ಕಿತು. ಎದುರು ಮನೆಯವನೂ ತಲೆ ಕೆರೆದುಕೊಂಡು ನಕ್ಕ. ಜೇಬಿನಿಂದ ಬೀಗದ ಕೈ ತೆಗೆದು, ಹೊಗೆ ಎಬ್ಬಿಸುತ್ತ ಟ್ರ್ಯಾಕ್ಟರನ್ನು ತನ್ನ ಬಾಗಿಲಿಗೆ ಒಯ್ದ.

ದೊಡ್ಡಮ್ಮ ಆಯಿಲ್ ಕಲೆಗೆ ಸಗಣಿ ನೀರು ಹಾಕಿ ಗುಡಿಸಿದರು. ದೊಡ್ಡಪ್ಪ ಜಗಲಿಯ ತುದಿಯಲ್ಲಿ ಕೂತು ಬೀದಿಯನ್ನು ಬಹಳ ಹೊತ್ತು ನೋಡುತ್ತಿದ್ದರು. ಕೊನೆಗೆ ನನ್ನ ಹತ್ತಿರ ಬಾಗಿ ಪಿಸುಗುಟ್ಟಿದರು.

“ಬಾಗ್ಲು ಬಣಬಣ ಅಂತದೆ ಕಣವ್ವ.”

ಒಳಗಿನಿಂದ ದೊಡ್ಡಮ್ಮ ಮುದ್ದೆ ಆರುತ್ತದೆ ಎಂದು ಕೂಗಿದರು. ಇಬ್ಬರೂ ಎದ್ದೆವು.