ಕೋಡಿನ ಕೊಳವೆಯ ಸೀಳು

ಸಂಶಿಯ ಬಡಿಗೇರ ಮೌನೇಶ ನನ್ನ ಡ್ರಿಲ್ ಬಿಟ್‌ಗಳನ್ನೆಲ್ಲ ಕಟ್ಟೆಯ ಮೇಲೆ ಹರವಿಕೊಂಡು ಕೂತಿದ್ದ. ಆಗ ನಾನು ಸ್ಕೂಟರ್ ಮೇಲೆ ಊರೂರು ತಿರುಗಿ ಅವನ್ನು ಮಾರುತ್ತಿದ್ದೆ. ತೀರಿಹೋದ ತನ್ನ ಅಪ್ಪನ ತಂಬಾಕಿನ ಪೈಪಿಗೆ ಅವನು ಎಮ್ಮೆ ಕೋಡಿನ ಹೊಸ ಕೊಳವೆ ಮಾಡುತ್ತಿದ್ದ. ಬಾಯಿಗಿಡುವ ತುದಿಯಲ್ಲಿ ಒತ್ತೊತ್ತಾಗಿ ತೂತು ಕೊರೆದು ಕೂಡಿಸಿದರೆ ಹೊಗೆ ಬರುವ ಸೀಳಾಗುತ್ತದೆ.

"ಒಂದೂವರೆ ಎಂಎಂ ತಗೋರಿ, ಸಾಕು," ಎಂದೆ.

"ಅಳತಿ ನೀವು ಹೇಳಬ್ಯಾಡ್ರಿ. ಕಿವಿ ಹೇಳತೈತಿ."

ಒಂದೊಂದು ಬಿಟ್‌ನಿಂದ ಒಂದೊಂದು ಕೋಡಿನ ತುಂಡಿಗೆ ಸೀಳು ಮಾಡಿ, ಉಸಿರೆಳೆದು ನೋಡಿ, ಬದಿಗಿಡುತ್ತಿದ್ದ. "ಅಪ್ಪ ಎಳದ್ರ ಹಿಂಗ ಸಪ್ಪಳ ಬರ್ತಿರಲಿಲ್ರಿ." ನಾನು ಮುಂದೆ ಹೋಗಬೇಕಿದ್ದ ಕುಂದಗೋಳದ ಅಂಗಡಿಗಳು ಮುಚ್ಚುವ ಹೊತ್ತಾಗಿ ನನಗೆ ಸಿಟ್ಟು ಬರತೊಡಗಿತ್ತು.

ಐದನೆಯ ತುಂಡು ಸುಂಯ್ ಎಂದು ಸಣ್ಣಗೆ ಸೀಟಿ ಹೊಡೆಯಿತು.

"ಬಂದ್ರೇನ್ರಿ? ಚಾ ಇಡ್ತೀನಿ, ತಡೀರಿ," ಎಂದು ಆ ಸಪ್ಪಳ ಕೇಳಿ ಒಳಗಿನಿಂದ ಅವನ ಅವ್ವ ಕೂಗಿದಳು.

ಮೌನೇಶ ಕೊಳವೆಯನ್ನು ಬಾಯಿಂದ ತೆಗೆಯಲಿಲ್ಲ. ನಾನು ಬಿಟ್‌ಗಳನ್ನು ಚೀಲಕ್ಕೆ ತುಂಬಿದೆ.

ಅವ್ವ ಕಪ್ಪು ಹಿಡಿದು ಬಾಗಿಲಿಗೆ ಬಂದಳು. ಮಗನ ಬಾಯಲ್ಲಿದ್ದ ಕೊಳವೆ ನೋಡಿದಳು. ಆಮೇಲೆ ಕಪ್ಪನ್ನು ನನ್ನ ಕೈಗಿಟ್ಟಳು.

"ಕುಡೀರಿ, ಆರತೈತಿ."

ಸಕ್ಕರೆ ಹಾಕಿರಲಿಲ್ಲ, ಮೌನೇಶನ ಅಪ್ಪ ಹಾಗೇ ಕುಡಿಯುತ್ತಿದ್ದರಂತೆ. ಎರಡು ಚಮಚಕ್ಕೆ ಕಡಿಮೆಯಾದರೆ ಮನೆಯಲ್ಲಿ ಮುಖ ಸಿಂಡರಿಸುವ ನಾನು, ಅವತ್ತು ತಳದ ಚರಟದವರೆಗೂ ಕುಡಿದೆ.